ಸಾಲಿನ ಮೊದಲ ತೆರವು: ಪ್ರೋಗ್ರಾಮುಗಳ ಇಂಡೆಂಟ್ ನಡೆದುಬಂದ ದಾರಿ

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯ ಶಾಸನಗಳಿಗೆ ಹೆಸರಾದದ್ದು. ಹಳಗನ್ನಡದ ಯಾವುದೇ ಶಿಲಾಶಾಸನದಂತೆ ಅಲ್ಲಿಯೂ ಅಕ್ಷರಗಳು ಒಂದರ ಬೆನ್ನಿಗೆ ಒಂದು ಸಾಗುತ್ತವೆ. ಪದಪದಗಳ ನಡುವೆ ಇಂದಿನಂತೆ ಜಾಗವಿಲ್ಲ, ಪ್ಯಾರಾ ಎಂಬುದಿಲ್ಲ. ಕಲ್ಲಿನ ಅಂಚು ಬಂದಲ್ಲಿ ಸಾಲು ಮುರಿಯುತ್ತದೆ. ಅದು ಪದದ ನಟ್ಟನಡುವೆ ಆದರೂ ಸರಿಯೇ. ಕಲ್ಲು ದುಬಾರಿ, ಕಂಡರಿಸುವ ಕೆಲಸ ಇನ್ನೂ ದುಬಾರಿ. ಓದುವವನಿಗೆ ಭಾಷೆ ಗೊತ್ತಿದೆ, ಎಲ್ಲಿ ಒಡೆಯಬೇಕೆಂದು ಅವನೇ ತಿಳಿದುಕೊಳ್ಳುತ್ತಾನೆ ಎಂಬ ಭರವಸೆಯ ಮೇಲೆ ಆ ಬರವಣಿಗೆ ನಿಂತಿದೆ.

ಓಲೆಗರಿಯ ಕಾವ್ಯಗಳ ಪಾಡೂ ಇದೇ. ಹಂಪೆಯ ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ ಇರುವುದು ವಾರ್ಧಕ ಷಟ್ಪದಿಯಲ್ಲಿ. ಅಚ್ಚಿನ ಪುಸ್ತಕದಲ್ಲಿ ಪ್ರತಿ ಪದ್ಯವೂ ಆರು ಸಾಲುಗಳಾಗಿ, ಮೂರನೆಯದೂ ಆರನೆಯದೂ ಉದ್ದವಾಗಿ ಕಾಣುತ್ತವೆ. ಗರಿಯ ಮೇಲೆ ಈ ನೋಟವಿಲ್ಲ. ಗರಿಯ ಉದ್ದಕ್ಕೂ ಬರವಣಿಗೆ ತುಂಬಿರುತ್ತದೆ. ಹಾಗಾದರೆ ಸಂಪಾದಕರು ಪಾದಗಳನ್ನು ಹೇಗೆ ಬಿಡಿಸಿದರು? ಛಂದಸ್ಸಿನ ನಿಯಮದಿಂದ. 1, 2, 4, 5ನೆಯ ಪಾದಗಳಲ್ಲಿ ಐದೈದು ಮಾತ್ರೆಯ ನಾಲ್ಕು ಗಣ. 3 ಮತ್ತು 6ನೆಯ ಪಾದಗಳಲ್ಲಿ ಆರು ಗಣ, ಮೇಲೊಂದು ಗುರು. ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸ. ಲೆಕ್ಕ ಹಾಕುತ್ತ ಹೋದರೆ ಸಾಲು ಎಲ್ಲಿ ಮುಗಿಯಬೇಕೋ ಅಲ್ಲಿ ತಾನೇ ಮುಗಿಯುತ್ತದೆ. ರಚನೆ ಪಠ್ಯದ ಒಳಗೇ ಇದೆ, ಹೊರಗಿನ ವಿನ್ಯಾಸವನ್ನು ನಿಯಮದಿಂದ ಮರಳಿ ಪಡೆಯಬಹುದು. ಗಣಕದಲ್ಲಿ ಪ್ರೋಗ್ರಾಮ್ ಬರೆಯುವಾಗ ಎಡಿಟರ್ ತಂತ್ರಾಂಶ ತಾನಾಗಿಯೇ ಸಾಲನ್ನು ಒಳಕ್ಕೆ ಸರಿಸುತ್ತದಲ್ಲ, ಅದರ ಹಿಂದಿರುವುದೂ ಇದೇ ತತ್ತ್ವ. ಸಾಲಿನ ಆರಂಭದಲ್ಲಿ ಹೀಗೆ ಬಿಡುವ ತೆರವನ್ನು ಇಂಡೆಂಟ್ ಎನ್ನುತ್ತಾರೆ. ನೋಡಲು ಬರಿಯ ಖಾಲಿ ಜಾಗ; ಆದರೆ ಅದರ ಹಿಂದೆ ಎಪ್ಪತ್ತು ವರ್ಷಗಳ ಚರಿತ್ರೆಯಿದೆ.

ಆರಂಭದಲ್ಲಿ ಇಂಡೆಂಟಿಗೆ ಅವಕಾಶವೇ ಕಡಿಮೆಯಿತ್ತು. 1957ರಲ್ಲಿ ಐಬಿಎಂ 704 ಗಣಕಕ್ಕಾಗಿ ಹೊರಬಂದ ಫೋರ್ಟ್ರಾನ್ ಭಾಷೆಯ ಒಂದೊಂದು ಸಾಲೂ ಒಂದೊಂದು ರಂಧ್ರಪತ್ರದ ಮೇಲೆ ಇರುತ್ತಿತ್ತು. ಪತ್ರದಲ್ಲಿ 80 ಕಂಬಗಳು. ಮೊದಲ ಐದು ಕಂಬಗಳು ಸಾಲಿನ ಸಂಖ್ಯೆಗೆ, ಆರನೆಯದು ಹಿಂದಿನ ಸಾಲಿನ ಮುಂದುವರಿಕೆ ಎಂದು ತಿಳಿಸಲು, 7ರಿಂದ 72ರವರೆಗೆ ನಿಜವಾದ ಆದೇಶ, ಉಳಿದ ಎಂಟು ಕಂಬಗಳು ಪತ್ರಗಳ ಕ್ರಮಾಂಕಕ್ಕೆ. ಕಟ್ಟು ಕೈಜಾರಿ ಬಿದ್ದರೆ ಮತ್ತೆ ಜೋಡಿಸಿಕೊಳ್ಳಲು ಈ ಕ್ರಮಾಂಕ ಬೇಕಾಗುತ್ತಿತ್ತು. ಇಲ್ಲಿ ಸ್ಥಾನಕ್ಕೆ ಅರ್ಥವಿತ್ತು ನಿಜ, ಆದರೆ ಆ ಅರ್ಥ ಯಂತ್ರದ ಅನುಕೂಲಕ್ಕಾಗಿ ಇದ್ದದ್ದು. ಓದುವ ಮನುಷ್ಯನಿಗಾಗಿ ಅಲ್ಲ. ನಮ್ಮ ದೇಶದ ಮೊದಲ ತಲೆಮಾರಿನ ಪ್ರೋಗ್ರಾಮರುಗಳು ಪಳಗಿದ್ದು ಈ ಕಂಬಗಳ ಶಿಸ್ತಿನಲ್ಲೇ. 1963ರಲ್ಲಿ ಕಾನ್ಪುರದ ಐಐಟಿಗೆ ಐಬಿಎಂ 1620 ಬಂತು. ಅಲ್ಲಿ ಕಲಿಸಿದ ವಿ. ರಾಜಾರಾಮನ್ ಅವರು 1969ರಲ್ಲಿ ಹೊರತಂದ ಪಠ್ಯಪುಸ್ತಕ ದೇಶದಾದ್ಯಂತ ಫೋರ್ಟ್ರಾನ್ ಕಲಿಸಿತು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

ಚಿತ್ರ ಬದಲಾದದ್ದು 1960ರ ಆಲ್ಗಾಲ್ ಭಾಷೆಯಿಂದ. ಅದರಲ್ಲಿ ಆದೇಶಗಳ ಗುಂಪೊಂದನ್ನು ‘ಬಿಗಿನ್’, ‘ಎಂಡ್’ ಎಂಬ ಎರಡು ಪದಗಳ ನಡುವೆ ಕಟ್ಟಿಡಬಹುದಿತ್ತು. ಗುಂಪಿನೊಳಗೆ ಗುಂಪು, ಅದರೊಳಗೆ ಮತ್ತೊಂದು. ಕಂಬಗಳ ಕಟ್ಟಳೆ ಹೋಯಿತು. ಸಾಲು ಎಲ್ಲಿಂದ ಬೇಕಾದರೂ ಆರಂಭವಾಗಬಹುದು. ಸ್ವಾತಂತ್ರ್ಯ ಸಿಕ್ಕ ಕೂಡಲೇ ಹೊಸ ತೊಡಕೂ ಬಂತು: ಯಾವ ‘ಎಂಡ್’ ಯಾವ ‘ಬಿಗಿನ್’ನದು? ಒಳಗುಂಪನ್ನು ಸ್ವಲ್ಪ ಬಲಕ್ಕೆ ಸರಿಸಿ ಬರೆದರೆ ಕಣ್ಣಿಗೆ ಅದು ಥಟ್ಟನೆ ತಿಳಿಯುತ್ತದೆ. ಹೀಗೆ ಇಂಡೆಂಟ್ ಒಂದು ರೂಢಿಯಾಗಿ ಬೆಳೆಯಿತು. ಕಂಪೈಲರಿಗೆ ಅದು ಬೇಕಿರಲಿಲ್ಲ; ಅದು ಖಾಲಿ ಜಾಗವನ್ನು ಎಸೆದು ಮುಂದೆ ಹೋಗುತ್ತಿತ್ತು.

1966ರಲ್ಲಿ ಬ್ರಿಟನ್ನಿನ ಪೀಟರ್ ಲ್ಯಾಂಡಿನ್ ಇದನ್ನು ತಿರುವುಹಾಕಿ ಯೋಚಿಸಿದರು. ಮನುಷ್ಯ ಇಂಡೆಂಟ್ ನೋಡಿಯೇ ರಚನೆಯನ್ನು ಗ್ರಹಿಸುತ್ತಾನೆ ಎಂದಾದರೆ ಯಂತ್ರವೂ ಹಾಗೆಯೇ ಗ್ರಹಿಸಬಾರದೇಕೆ? ‘ಮುಂದಿನ 700 ಪ್ರೋಗ್ರಾಮಿಂಗ್ ಭಾಷೆಗಳು’ ಎಂಬ ಅರ್ಥದ ಶೀರ್ಷಿಕೆಯ ಪ್ರಬಂಧದಲ್ಲಿ ಅವರು ಒಂದು ನಿಯಮ ಕೊಟ್ಟರು. ಒಂದು ಉಕ್ತಿ ಯಾವ ಸ್ಥಾನದಲ್ಲಿ ಆರಂಭವಾಯಿತೋ ಅದಕ್ಕಿಂತ ಎಡಕ್ಕೆ ಬರುವ ಮೊದಲ ಪದ ಆ ಉಕ್ತಿಯ ಹೊರಗಿನದು. ಫುಟ್‌ಬಾಲ್ ಆಟದಿಂದ ಹೆಸರು ಎರವಲು ಪಡೆದು ಅದನ್ನು ‘ಆಫ್‌ಸೈಡ್ ನಿಯಮ’ ಎಂದು ಕರೆದರು. ಆ ಬೀಜ ಮೊಳೆತು ಮರವಾಗಲು ಕಾಲು ಶತಮಾನ ಹಿಡಿಯಿತು.

ಅಷ್ಟರಲ್ಲಿ ಇನ್ನೊಂದು ಕಡೆಯಿಂದ ಸಮಸ್ಯೆ ತೀವ್ರವಾಗಿತ್ತು. ಲಿಸ್ಪ್ ಭಾಷೆಯಲ್ಲಿ ಎಲ್ಲವೂ ಆವರಣ ಚಿಹ್ನೆಗಳೇ. ಸಣ್ಣದೊಂದು ಪ್ರೋಗ್ರಾಮಿನ ಕೊನೆಯಲ್ಲೂ ಐದಾರು ಮುಚ್ಚುವ ಆವರಣಗಳು ಒಟ್ಟಿಗೆ ಸಾಲುಗಟ್ಟುತ್ತವೆ. ಕೈಯಿಂದ ಎಣಿಸಿ ಜೋಡಿಸುವುದು ತಲೆನೋವಿನ ಕೆಲಸ. ಆದರೆ ಯಂತ್ರಕ್ಕೆ ಎಣಿಸುವುದೇ ಸುಲಭ. 1967ರ ಸುಮಾರಿಗೆ ಬಿಲ್ ಗಾಸ್ಪರ್, ಲಿಸ್ಪ್ ಪ್ರೋಗ್ರಾಮನ್ನು ಓದಿ ಅಂದವಾಗಿ ಸಾಲು ಮುರಿದು ಮುದ್ರಿಸುವ ತಂತ್ರಾಂಶವನ್ನು ಬರೆದರು. ಷಟ್ಪದಿಯ ಸಂಪಾದಕನ ಕೆಲಸವನ್ನು ಯಂತ್ರ ವಹಿಸಿಕೊಂಡಂತಾಯಿತು. 1980ರಲ್ಲಿ ಡೆರೆಕ್ ಆಪೆನ್ ಪ್ರಕಟಿಸಿದ ವಿಧಾನ ಇಂಥ ತಂತ್ರಾಂಶಗಳಿಗೆ ಗಟ್ಟಿಯಾದ ತಳಹದಿ ಒದಗಿಸಿತು. ಪ್ರೋಗ್ರಾಮ್ ಎಷ್ಟು ಉದ್ದವಿದ್ದರೂ ಅದಕ್ಕೆ ಬೇಕಾದ ಸ್ಮೃತಿ ಪುಟದ ಅಗಲವನ್ನು ಮಾತ್ರ ಅವಲಂಬಿಸಿರುತ್ತದೆ. ಕಾಲ ಪ್ರೋಗ್ರಾಮಿನ ಉದ್ದಕ್ಕೆ ನೇರ ಅನುಪಾತದಲ್ಲಿರುತ್ತದೆ.

ಸಿದ್ಧವಾದ ಪ್ರೋಗ್ರಾಮನ್ನು ಅಂದಗೊಳಿಸುವುದು ಒಂದು. ಬರೆಯುತ್ತಿರುವಾಗಲೇ, ಒಂದೊಂದು ಸಾಲಿಗೂ ಸರಿಯಾದ ಜಾಗ ತೋರಿಸುವುದು ಇನ್ನೊಂದು. ಎರಡನೆಯದಕ್ಕೆ ಪರದೆಯ ಮೇಲೆ ಕೆಲಸ ಮಾಡುವ ಎಡಿಟರುಗಳು ಬರಬೇಕಾಯಿತು. 1976 ಈ ದೃಷ್ಟಿಯಿಂದ ಫಲವತ್ತಾದ ವರ್ಷ. ಬರ್ಕ್ಲಿಯಲ್ಲಿ ಬಿಲ್ ಜಾಯ್ ‘ವಿಐ’ ಎಡಿಟರನ್ನು ಬರೆಯತೊಡಗಿದರು; ಎಂಐಟಿಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಮತ್ತು ಸಂಗಡಿಗರಿಂದ ‘ಈಮ್ಯಾಕ್ಸ್’ ರೂಪುಗೊಂಡಿತು. ಇಬ್ಬರ ದಾರಿಯೂ ಬೇರೆ. ವಿಐ ಸರಳ ಮಾರ್ಗ ಹಿಡಿಯಿತು: ಹೊಸ ಸಾಲು ಹಿಂದಿನ ಸಾಲು ಎಲ್ಲಿ ಆರಂಭವಾಗಿತ್ತೋ ಅಲ್ಲಿಂದಲೇ ಆರಂಭವಾಗಲಿ, ಒಳಕ್ಕೋ ಹೊರಕ್ಕೋ ಹೋಗುವುದನ್ನು ಬರೆಯುವವನೇ ನಿರ್ಧರಿಸಲಿ. ಈಮ್ಯಾಕ್ಸ್ ಹಾಗಲ್ಲ. ಅದರ ಲಿಸ್ಪ್ ವಿಧಾನದಲ್ಲಿ ಟ್ಯಾಬ್ ಕೀಲಿ ಒತ್ತಿದರೆ ಖಾಲಿ ಜಾಗ ಸೇರುವುದಿಲ್ಲ. ಎಡಿಟರ್ ಹಿಂದಕ್ಕೆ ಓದಿಕೊಂಡು ಹೋಗಿ, ಯಾವ ಆವರಣ ಇನ್ನೂ ತೆರೆದಿದೆ ಎಂದು ಕಂಡುಕೊಂಡು, ಸಾಲನ್ನು ಅದರ ಸರಿಯಾದ ಜಾಗಕ್ಕೆ ತಂದು ಕೂರಿಸುತ್ತದೆ. ಕರ್ಸರ್ ಸಾಲಿನ ನಡುವೆ ಇದ್ದರೂ ಫಲ ಅದೇ.

ಸಿ ಭಾಷೆಗೆ ನಿಯಮವನ್ನು ಹೀಗೆ ಹೇಳಬಹುದು. ಹಿಂದಿನ ಸಾಲಿನಲ್ಲಿ ಪುಷ್ಪಾವರಣ ತೆರೆದಿದ್ದರೆ ಒಂದು ಮೆಟ್ಟಿಲು ಬಲಕ್ಕೆ ಹೋಗು. ಈ ಸಾಲು ಮುಚ್ಚುವ ಆವರಣದಿಂದ ಆರಂಭವಾದರೆ ಒಂದು ಮೆಟ್ಟಿಲು ಎಡಕ್ಕೆ ಬಾ. ಎರಡೇ ವಾಕ್ಯ! ವಿದ್ಯಾರ್ಥಿಗಳು ಇದನ್ನು ಒಂದು ಸಂಜೆಯಲ್ಲಿ ಬರೆದು ನೋಡಬಹುದು, ಬರೆದು ನೋಡಬೇಕು ಕೂಡ. ಆಗ ತೊಡಕುಗಳು ಒಂದೊಂದಾಗಿ ತಲೆಯೆತ್ತುತ್ತವೆ. ಉದ್ಧರಣ ಚಿಹ್ನೆಗಳ ನಡುವೆ ಆವರಣವೊಂದು ಬರಿಯ ಅಕ್ಷರವಾಗಿ ಕೂತಿದ್ದರೆ? ಟಿಪ್ಪಣಿಯ ಒಳಗಿದ್ದರೆ? ಆವರಣವಿಲ್ಲದೆ ‘ಇಫ್’ ಒಂದೇ ಆದೇಶವನ್ನು ಆಳುತ್ತಿದ್ದರೆ? ಎರಡು ‘ಇಫ್’ಗಳ ಬಳಿಕ ಒಂದೇ ‘ಎಲ್ಸ್’ ಬಂದರೆ ಅದು ಯಾರದು? ಈ ಕೊನೆಯ ಪ್ರಶ್ನೆ ಆಲ್ಗಾಲ್ ಕಾಲದಿಂದ ಕಾಡಿದ್ದು. ಸಿ ಭಾಷೆ ಅದನ್ನು ಹತ್ತಿರದ ‘ಇಫ್’ಗೆ ಒಪ್ಪಿಸಿತು. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ ಎಡಿಟರಿಗೆ ಸಿಗುವುದು ಅರ್ಧ ಬರೆದ ಪ್ರೋಗ್ರಾಮು. ಕಂಪೈಲರ್ ಪೂರ್ಣ ಪಠ್ಯವನ್ನು ಓದುತ್ತದೆ, ತಪ್ಪಿದ್ದರೆ ತಿರಸ್ಕರಿಸುತ್ತದೆ. ಎಡಿಟರಿಗೆ ಆ ಬಿಗುಮಾನ ಸಲ್ಲದು. ಮುಗಿಯದ ವಾಕ್ಯದ ಮುಂದೆಯೂ ಅದು ಏನಾದರೊಂದು ಊಹೆ ಮಾಡಲೇಬೇಕು.

ಅಂದಿನ ಗಣಕಗಳ ವೇಗಕ್ಕೆ ಪ್ರತಿ ಸಾಲಿಗೂ ಕಡತವನ್ನು ಮೊದಲಿನಿಂದ ಓದುವುದು ಆಗದ ಮಾತು. ಆದ್ದರಿಂದ ಈಮ್ಯಾಕ್ಸ್ ಒಂದು ಉಪಾಯ ಹೂಡಿತ್ತು. ಸಾಲಿನ ಮೊದಲ ಸ್ಥಾನದಲ್ಲೇ ತೆರೆಯುವ ಆವರಣ ಕಂಡರೆ ಅಲ್ಲಿಂದಲೇ ಹೊಸ ಫಂಕ್ಷನ್ ಶುರುವಾಗಿದೆ ಎಂದು ನಂಬಿ, ಅದರ ಹಿಂದಕ್ಕೆ ಹೋಗುವುದನ್ನು ನಿಲ್ಲಿಸುತ್ತಿತ್ತು. ಇಂಡೆಂಟನ್ನು ಲೆಕ್ಕ ಹಾಕಲು ಇಂಡೆಂಟನ್ನೇ ಆಧಾರ ಮಾಡಿಕೊಂಡ ಜಾಣತನವಿದು!

ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಿಗೆ ಈ ಸೌಲಭ್ಯ ಬಂದದ್ದು ಬೋರ್ಲ್ಯಾಂಡ್ ಕಂಪನಿಯ ಟರ್ಬೊ ತಂತ್ರಾಂಶಗಳ ಮೂಲಕ. 1983ರ ಟರ್ಬೊ ಪ್ಯಾಸ್ಕಲ್‌ನ ಎಡಿಟರಿನಲ್ಲೇ ತಾನಾಗಿ ಇಂಡೆಂಟ್ ಮಾಡುವ ಸೌಲಭ್ಯವಿತ್ತು. 1990ರಲ್ಲಿ ಬಂದ ಟರ್ಬೊ ಸಿ++ನ ನೀಲಿ ಪರದೆ ಪದವಿಪೂರ್ವ ತರಗತಿಗಳಲ್ಲಿ ಬಹುಕಾಲ ಉಳಿಯಿತು. ಕೊಟ್ಟೂರಿನಲ್ಲಾಗಲಿ ಹಡಗಲಿಯಲ್ಲಾಗಲಿ ಗಣಕ ವಿಜ್ಞಾನ ಕಲಿತ ಆ ತಲೆಮಾರಿಗೆ ಆ ನೀಲಿ ಮರೆಯುವಂಥದ್ದಲ್ಲ.

ಇಲ್ಲಿ ಟ್ಯಾಬ್ ಬಗ್ಗೆ ಒಂದು ಮಾತು. ಟೈಪ್‌ರೈಟರಿನಲ್ಲಿ ಅಂಕಿಗಳನ್ನು ಕೋಷ್ಟಕವಾಗಿ ಹೊಡೆಯಲು ಇದ್ದ ಕೀಲಿಯಿದು. ಆಸ್ಕಿ ಸಂಕೇತದಲ್ಲಿ ಅದಕ್ಕೆ 9ನೆಯ ಸ್ಥಾನ ಸಿಕ್ಕಿತು. ಎಂಟು ಕಂಬಗಳ ನೆಗೆತ ಎಂಬ ರೂಢಿ ಹುಟ್ಟಿತು, ಆದರೆ ಕಟ್ಟುನಿಟ್ಟಾಗಲಿಲ್ಲ. ಒಬ್ಬರ ಪರದೆಯಲ್ಲಿ ಎಂಟು, ಇನ್ನೊಬ್ಬರಲ್ಲಿ ನಾಲ್ಕು. ಟ್ಯಾಬೂ ಖಾಲಿ, ಸ್ಪೇಸೂ ಖಾಲಿ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. 1976ರಲ್ಲಿ ಬೆಲ್ ಪ್ರಯೋಗಾಲಯದ ಸ್ಟುವರ್ಟ್ ಫೆಲ್ಡ್‌ಮನ್ ‘ಮೇಕ್’ ಎಂಬ ಉಪಕರಣ ರಚಿಸಿದಾಗ ಆದೇಶದ ಸಾಲು ಟ್ಯಾಬಿನಿಂದಲೇ ಆರಂಭವಾಗಬೇಕೆಂದು ಗೊತ್ತುಮಾಡಿದರು. ಅದು ತೊಡಕಿನದೆಂದು ಬೇಗನೆ ತಿಳಿಯಿತು. ಆದರೆ ಅಷ್ಟರಲ್ಲಿ ಹತ್ತಾರು ಜನ ಬಳಕೆದಾರರಾಗಿದ್ದರು, ಅವರಿಗೆ ತೊಂದರೆ ಕೊಡುವುದು ಬೇಡವೆಂದು ನಿಯಮವನ್ನು ಹಾಗೆಯೇ ಬಿಟ್ಟರು. ಆ ಹತ್ತಾರು ಜನರ ದಾಕ್ಷಿಣ್ಯಕ್ಕೆ ಇಂದಿಗೂ ಜಗತ್ತಿನ ಪ್ರೋಗ್ರಾಮರುಗಳು ದಂಡ ತೆರುತ್ತಿದ್ದಾರೆ.

ಇಷ್ಟಕ್ಕೂ ಇಂಡೆಂಟಿನಿಂದ ಓದು ಸುಲಭವಾಗುತ್ತದೆಯೆ? ಇದನ್ನು ಬರಿಯ ಅಭಿಪ್ರಾಯಕ್ಕೆ ಬಿಡದೆ ಪರೀಕ್ಷಿಸಿ ನೋಡಿದ್ದಾರೆ. ಬೆನ್ ಶ್ನೈಡರ್‌ಮನ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ಪ್ರೋಗ್ರಾಮನ್ನು 0, 2, 4, 6 ಸ್ಪೇಸುಗಳ ಇಂಡೆಂಟಿನೊಂದಿಗೆ ಬೇರೆ ಬೇರೆ ಓದುಗರಿಗೆ ಕೊಟ್ಟು, ಅರ್ಥವಾದದ್ದೆಷ್ಟು ಎಂದು ಪ್ರಶ್ನೆಗಳಿಂದ ಅಳೆದರು. 2ರಿಂದ 4 ಸ್ಪೇಸುಗಳ ಮಟ್ಟ ಒಳ್ಳೆಯದೆಂದು ಕಂಡಿತು. ಹೆಚ್ಚು ತೆರವು ಬಿಟ್ಟಷ್ಟೂ ಒಳ್ಳೆಯದು ಎಂದೇನಿಲ್ಲ. ಸಾಲುಗಳು ಬಲಕ್ಕೆ ಓಡಿದರೆ ಕಣ್ಣು ಅಲೆದಾಡಬೇಕಾಗುತ್ತದೆ.

ಓದಿಗೆ ನೆರವಾಗುವ ವಸ್ತು ಓದುಗನನ್ನು ವಂಚಿಸಲೂ ಬಲ್ಲದು. 2014ರ ಫೆಬ್ರವರಿಯಲ್ಲಿ ಆಪಲ್ ಕಂಪನಿ ಐಫೋನುಗಳಿಗೆ ತುರ್ತು ತಿದ್ದುಪಡಿ ಹೊರಡಿಸಬೇಕಾಯಿತು. ಸುರಕ್ಷಿತ ಸಂಪರ್ಕಕ್ಕೆ ಮೊದಲು ಎದುರಿನ ಗಣಕದ ಸಹಿಯನ್ನು ಪರೀಕ್ಷಿಸುವ ಸಿ ಭಾಷೆಯ ಭಾಗದಲ್ಲಿ ಒಂದು ಸಾಲು ಎರಡು ಬಾರಿ ನುಸುಳಿತ್ತು. ಕನ್ನಡದಲ್ಲಿ ಹೇಳುವುದಾದರೆ ಅದರ ಆಕಾರ ಹೀಗಿತ್ತು:

ದೋಷ ಕಂಡರೆ
    ವಿಫಲಕ್ಕೆ ಹೋಗು;
    ವಿಫಲಕ್ಕೆ ಹೋಗು;
ಮುಂದಿನ ಪರೀಕ್ಷೆ ಮಾಡು;

ಎರಡೂ ಸಾಲುಗಳು ‘ಕಂಡರೆ’ ಎಂಬ ಷರತ್ತಿನ ಅಡಿಯಲ್ಲಿವೆ ಎಂದು ಇಂಡೆಂಟ್ ಹೇಳುತ್ತದೆ. ಆದರೆ ಪುಷ್ಪಾವರಣ ಇಲ್ಲದಿರುವುದರಿಂದ ಸಿ ಭಾಷೆಯ ಲೆಕ್ಕದಲ್ಲಿ ಷರತ್ತಿಗೆ ಸೇರಿದ್ದು ಮೊದಲನೆಯದು ಮಾತ್ರ. ಎರಡನೆಯದು ಎಲ್ಲ ಸಂದರ್ಭದಲ್ಲೂ ನಡೆಯುತ್ತದೆ. ದೋಷವಿಲ್ಲದಿದ್ದರೂ ಉಳಿದ ಪರೀಕ್ಷೆಗಳನ್ನು ಹಾರಿ ಕೊನೆಗೆ ಹೋಗುತ್ತದೆ, ಅಲ್ಲಿ ‘ದೋಷ ಶೂನ್ಯ’ ಎಂದೇ ದಾಖಲಾಗಿರುವುದರಿಂದ ಸಹಿ ಸರಿಯಿದೆ ಎಂದು ವರದಿಯಾಗುತ್ತದೆ. ಕಳ್ಳಸಹಿಯೂ ಒಳಬರಬಹುದಿತ್ತು. ಆ ಕಡತದ ಮೇಲೆ ಎಡಿಟರಿನ ಇಂಡೆಂಟ್ ನಿಯಮವನ್ನು ಒಮ್ಮೆ ಓಡಿಸಿದ್ದರೆ ಎರಡನೆಯ ಸಾಲು ಎಡಕ್ಕೆ ಸರಿದು ಕಣ್ಣಿಗೆ ಚುಚ್ಚುತ್ತಿತ್ತು. ತಾನಾಗಿ ಇಂಡೆಂಟ್ ಮಾಡುವುದರ ದೊಡ್ಡ ಪ್ರಯೋಜನ ನನ್ನ ಮಟ್ಟಿಗೆ ಇದೇ, ಅಂದ ಆಮೇಲಿನದು. ಬರೆದವನ ಮನಸ್ಸಿನಲ್ಲಿದ್ದ ರಚನೆಯೂ ಯಂತ್ರ ಕಂಡ ರಚನೆಯೂ ಬೇರೆಯಾದಾಗ ಅದು ಎಚ್ಚರಿಸುತ್ತದೆ. 2016ರಲ್ಲಿ ಬಂದ ಜಿಸಿಸಿ 6 ಕಂಪೈಲರ್ ಇಂಥ ದಾರಿತಪ್ಪಿಸುವ ಇಂಡೆಂಟ್ ಕಂಡರೆ ಎಚ್ಚರಿಕೆ ಕೊಡುವ ವ್ಯವಸ್ಥೆಯನ್ನು ಸೇರಿಸಿಕೊಂಡಿತು. ಅರ್ಧ ಶತಮಾನ ಖಾಲಿ ಜಾಗವನ್ನು ಎಸೆಯುತ್ತಿದ್ದ ಕಂಪೈಲರ್ ಕೊನೆಗೂ ಅದರತ್ತ ತಿರುಗಿ ನೋಡಿತು.

ಲ್ಯಾಂಡಿನ್ ಬಿತ್ತಿದ ಬೀಜಕ್ಕೆ ಮರಳೋಣ. ಆಮ್‌ಸ್ಟರ್‌ಡ್ಯಾಮಿನ ಗಣಿತ ಮತ್ತು ಗಣಕ ವಿಜ್ಞಾನ ಕೇಂದ್ರದಲ್ಲಿ ಎಬಿಸಿ ಎಂಬ ಬೋಧನಾ ಭಾಷೆ ರೂಪುಗೊಂಡಿತ್ತು. ಅದರಲ್ಲಿ ಇಂಡೆಂಟೇ ಗುಂಪನ್ನು ಸೂಚಿಸುತ್ತಿತ್ತು. ಅಲ್ಲಿಯೇ ದುಡಿಯುತ್ತಿದ್ದ ಗೀಡೊ ವಾನ್ ರಾಸಮ್ 1989ರ ಕೊನೆಯಲ್ಲಿ ಆರಂಭಿಸಿ 1991ರಲ್ಲಿ ಬಿಡುಗಡೆ ಮಾಡಿದ ಪೈಥಾನ್ ಆ ಗುಣವನ್ನು ಪಡೆಯಿತು. ಎನ್‌ಸಿಇಆರ್‌ಟಿಯ 2019ರ ಹನ್ನೊಂದನೆಯ ತರಗತಿಯ ಪಠ್ಯಪುಸ್ತಕ ಪೈಥಾನನ್ನೇ ಕಲಿಸುವುದರಿಂದ ಅಧ್ಯಾಪಕರು ಈ ಭಾಗವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು. ಇಂದು ವಿಜಯನಗರ ಜಿಲ್ಲೆಯಲ್ಲಿರುವ ಐದು ಊರುಗಳ ಒಂದು ದಿನದ ಮಳೆ ಕೂಡಿಸುವ ಲೆಕ್ಕ ತೆಗೆದುಕೊಳ್ಳಿ. ಊಹೆಗೆ ಕೂಡ್ಲಿಗಿ 12 ಮಿ.ಮೀ., ಕೊಟ್ಟೂರು 8, ಹಗರಿಬೊಮ್ಮನಹಳ್ಳಿ 20, ಹಡಗಲಿ 15, ಹರಪನಹಳ್ಳಿ 5 ಎಂದಿರಲಿ. ಭಾಷೆಯ ಪದಗಳನ್ನು ಕನ್ನಡಕ್ಕಿಳಿಸಿದರೆ ಪ್ರೋಗ್ರಾಮ್ ಹೀಗಿರುತ್ತದೆ:

ಮೊತ್ತ = 0
ಪ್ರತಿಯೊಂದು ಊರಿಗೂ:
    ಮಳೆ = ಅಳತೆ(ಊರು)
    ಮೊತ್ತ = ಮೊತ್ತ + ಮಳೆ
ಮುದ್ರಿಸು(ಮೊತ್ತ)

ಉತ್ತರ 60. ಈಗ ನಾಲ್ಕನೆಯ ಸಾಲನ್ನು ನಾಲ್ಕು ಸ್ಪೇಸ್ ಎಡಕ್ಕೆ ತನ್ನಿ, ಬೇರೇನೂ ಮುಟ್ಟಬೇಡಿ. ಕೂಡುವ ಕೆಲಸ ಆವರ್ತನೆಯ ಹೊರಗೆ ಬಿತ್ತು. ಐದೂ ಊರುಗಳ ಅಳತೆ ಮುಗಿದ ಮೇಲೆ, ಕೊನೆಯ ಊರಿನ ಮಳೆಯನ್ನು ಮಾತ್ರ ಒಮ್ಮೆ ಕೂಡುತ್ತದೆ. ಉತ್ತರ 5. ಯಾವ ದೋಷಸೂಚನೆಯೂ ಬರುವುದಿಲ್ಲ. ಕೊನೆಯ ಸಾಲನ್ನು ಬಲಕ್ಕೆ ಸರಿಸಿದರೆ 12, 20, 40, 55, 60 ಎಂದು ಐದು ಬಾರಿ ಮುದ್ರಣವಾಗುತ್ತದೆ. ಮೂರೂ ವ್ಯಾಕರಣಬದ್ಧ ಪ್ರೋಗ್ರಾಮುಗಳೇ. ಗೆರೆಪುಸ್ತಕದಲ್ಲಿ ಎಲ್ಲ ಸಾಲನ್ನೂ ಅಂಚಿನಿಂದಲೇ ಆರಂಭಿಸುವ ವಿದ್ಯಾರ್ಥಿಯನ್ನು ‘ಚೊಕ್ಕವಾಗಿ ಬರಿ’ ಎಂದಷ್ಟೇ ಗದರಿದರೆ ಸಾಲದು. ಅವನು ಬರೆದದ್ದು ಬೇರೆಯೇ ಪ್ರೋಗ್ರಾಮು ಎಂದು ತಿಳಿಯಹೇಳಬೇಕು. ಕೂಡ್ಲಿಗಿ ಕಡೆಯ ಮಕ್ಕಳಿಗೆ ಹೊಲದ ಉದಾಹರಣೆ ಕೊಟ್ಟರೆ ಬೇಗ ಹತ್ತುತ್ತದೆ: ಕೂರಿಗೆಯ ಸಾಲು ನೇರವಿದ್ದರೆ ಮಾತ್ರ ಎಡೆಕುಂಟೆ ಕಳೆಯನ್ನು ಕೀಳುತ್ತದೆ, ಓರೆಯಾದರೆ ಬೆಳೆಯನ್ನೇ ಕೀಳುತ್ತದೆ.

ಪೈಥಾನ್ ಇದನ್ನು ನಿಭಾಯಿಸುವುದು ಒಂದು ಸ್ಟ್ಯಾಕಿನಿಂದ, ಎಂದರೆ ಒಂದರ ಮೇಲೊಂದು ತಟ್ಟೆ ಪೇರಿಸಿದಂಥ ಪಟ್ಟಿಯಿಂದ. ಸಾಲು ಬಲಕ್ಕೆ ಸರಿದರೆ ಹೊಸ ಅಂತರವನ್ನು ಪೇರಿಸಿ ‘ಗುಂಪು ತೆರೆಯಿತು’ ಎಂಬ ಸಂಕೇತ ಕೊಡುತ್ತದೆ. ಎಡಕ್ಕೆ ಬಂದರೆ ಹೊಂದುವ ಅಂತರ ಸಿಗುವವರೆಗೆ ತಟ್ಟೆಗಳನ್ನು ತೆಗೆಯುತ್ತ, ಒಂದೊಂದಕ್ಕೂ ‘ಗುಂಪು ಮುಚ್ಚಿತು’ ಎನ್ನುತ್ತದೆ. ಹೊಂದುವುದೇ ಸಿಗದಿದ್ದರೆ ದೋಷ. 2008ರ ಪೈಥಾನ್ 3, ಅರ್ಥ ಸಂದಿಗ್ಧವಾಗುವಂತೆ ಟ್ಯಾಬ್ ಮತ್ತು ಸ್ಪೇಸ್ ಬೆರೆಸುವುದನ್ನು ನಿಷೇಧಿಸಿತು.

ಎಡಿಟರಿಗೆ ಇಲ್ಲಿ ನಿಜವಾದ ಮಿತಿ ಎದುರಾಗುತ್ತದೆ. ಸಿ ಭಾಷೆಯಲ್ಲಿ ಆವರಣಗಳಿಂದ ಇಂಡೆಂಟನ್ನು ಲೆಕ್ಕ ಹಾಕಬಹುದು, ಏಕೆಂದರೆ ಒಂದೇ ವಿಷಯ ಎರಡು ಕಡೆ ದಾಖಲಾಗಿದೆ. ಪೈಥಾನಿನಲ್ಲಿ ದಾಖಲೆ ಒಂದೇ. ಅದು ಅಳಿಸಿಹೋದರೆ ಮರಳಿ ಪಡೆಯಲು ಪ್ರಾಸವೂ ಇಲ್ಲ, ಗಣವೂ ಇಲ್ಲ. ವಿವರಣಚಿಹ್ನೆಯಿಂದ ಮುಗಿಯುವ ಸಾಲಿನ ಮುಂದಿನದು ಒಳಕ್ಕೆ ಹೋಗಬೇಕೆಂದು ಎಡಿಟರ್ ಖಚಿತವಾಗಿ ಹೇಳಬಲ್ಲದು; ಗುಂಪು ಎಲ್ಲಿ ಮುಗಿಯಿತೆಂದು ಹೇಳಲಾರದು. ಅದಕ್ಕೇ ಈಮ್ಯಾಕ್ಸ್ ಪೈಥಾನ್ ಕಡತದಲ್ಲಿ ಟ್ಯಾಬ್ ಒತ್ತಿದಾಗಲೆಲ್ಲ ಸಾಧ್ಯವಿರುವ ಸ್ಥಾನಗಳನ್ನು ಒಂದಾದ ಮೇಲೊಂದು ತೋರಿಸುತ್ತ ಹೋಗುತ್ತದೆ, ಆಯ್ಕೆ ನಮ್ಮದು.

ಆವರಣದ ಭಾಷೆಗಳ ಕಡೆ ಜಗಳ ಬೇರೆ ಬಗೆಯದು: ಎರಡು ಸ್ಪೇಸೋ ನಾಲ್ಕೋ, ಆವರಣ ಅದೇ ಸಾಲಿನಲ್ಲೋ ಮುಂದಿನದರಲ್ಲೋ. 2009ರಲ್ಲಿ ಪ್ರಕಟವಾದ ಗೋ ಭಾಷೆ, ತನ್ನ ಜೊತೆಗೇ ವಿನ್ಯಾಸ ಸರಿಪಡಿಸುವ ತಂತ್ರಾಂಶವನ್ನು ಕೊಟ್ಟು ಈ ಜಗಳಕ್ಕೆ ತೆರೆ ಎಳೆಯಿತು. ಎಲ್ಲರಿಗೂ ಒಂದೇ ರೂಪ, ಆಯ್ಕೆಯೇ ಇಲ್ಲ. ಎಡಿಟರುಗಳ ಊಹೆಯೂ ಸುಧಾರಿಸಿದೆ. 2018ರ ಸುಮಾರಿಗೆ ಮ್ಯಾಕ್ಸ್ ಬ್ರನ್ಸ್‌ಫೆಲ್ಡ್ ರೂಪಿಸಿದ ‘ಟ್ರೀ-ಸಿಟರ್’, ಅರ್ಧ ಬರೆದ ಪ್ರೋಗ್ರಾಮಿಗೂ ವ್ಯಾಕರಣವೃಕ್ಷವನ್ನು ಕಟ್ಟಿ, ಒಂದು ಅಕ್ಷರ ಬದಲಾದಾಗ ಆ ಕೊಂಬೆಯನ್ನಷ್ಟೇ ತಿದ್ದುತ್ತದೆ. 2023ರ ಈಮ್ಯಾಕ್ಸ್ 29 ಅದನ್ನು ಒಳಗೂಡಿಸಿಕೊಂಡಿತು. ಹಿಂದಕ್ಕೆ ಓದುತ್ತ ಆವರಣ ಎಣಿಸುವ ಕೆಲಸದ ಬದಲು, ಈ ಸಾಲು ವೃಕ್ಷದಲ್ಲಿ ಎಷ್ಟು ಆಳದಲ್ಲಿದೆ ಎಂದು ನೋಡಿದರೆ ಸಾಕು.

ಕನ್ನಡದಲ್ಲಿ ಹೆಸರುಗಳನ್ನಿಟ್ಟು ಪ್ರೋಗ್ರಾಮ್ ಬರೆಯುವವರಿಗೆ ಇಂಡೆಂಟ್ ಇನ್ನೊಂದು ಮುಖ ತೋರಿಸುತ್ತದೆ. ಪೈಥಾನ್ 3ರಲ್ಲಿ ಚರಗಳಿಗೆ ಕನ್ನಡ ಹೆಸರಿಡಬಹುದು. ‘ಮಳೆ’, ‘ಮೊತ್ತ’ ಎಂದು ಬರೆದರೆ ಅದು ಒಪ್ಪುತ್ತದೆ. ಸಾಲಿನ ಆರಂಭದ ಇಂಡೆಂಟಿಗೆ ಇದರಿಂದ ಬಾಧಕವಿಲ್ಲ, ಅಲ್ಲಿರುವುದು ಬರಿಯ ಸ್ಪೇಸ್. ಆದರೆ ಉದ್ದವಾದ ಸಾಲನ್ನು ಮುರಿದಾಗ ಕೆಲವು ಎಡಿಟರುಗಳು ಮುಂದಿನ ಸಾಲನ್ನು ತೆರೆದ ಆವರಣದ ನೇರ ಕೆಳಗೆ ತಂದು ನಿಲ್ಲಿಸುತ್ತವೆ. ಆಗ ಆವರಣಕ್ಕೆ ಮುಂಚಿನ ಪದದ ಅಗಲ ಗೊತ್ತಿರಬೇಕು. ‘ಹಗರಿಬೊಮ್ಮನಹಳ್ಳಿ’ ಎಂಬ ಹೆಸರಿನ ಅಗಲವೆಷ್ಟು? ನಾವು ಎಣಿಸಿದರೆ 8 ಅಕ್ಷರ. ಯೂನಿಕೋಡ್‌ನಲ್ಲಿ ವ್ಯಂಜನ, ಸ್ವರಚಿಹ್ನೆ, ವಿರಾಮಗಳು ಬೇರೆ ಬೇರೆಯಾದ್ದರಿಂದ 15 ಸಂಕೇತಗಳು. ಯುಟಿಎಫ್-8 ರೂಪದಲ್ಲಿ ಒಂದೊಂದಕ್ಕೆ ಮೂರರಂತೆ 45 ಬೈಟುಗಳು. ಪರದೆಯ ಮೇಲಿನ ಅಗಲ ಈ ಮೂರೂ ಅಲ್ಲ. ‘ಮ್ಮ’ದ ಒತ್ತು ಕೆಳಗಿಳಿಯುತ್ತದೆ, ‘ಬೊ’ ಬಲಕ್ಕೆ ಚಾಚುತ್ತದೆ. ಸಂಕೇತಗಳನ್ನು ಎಣಿಸುವ ಎಡಿಟರ್ 15ಕ್ಕೆ ತಕ್ಕಂತೆ ಸ್ಪೇಸ್ ತುಂಬಿ ಎಲ್ಲೋ ಹೋಗಿ ನಿಲ್ಲುತ್ತದೆ. ‘ಹಡಗಲಿ’ಗೆ 5 ಸಂಕೇತ, 4 ಅಕ್ಷರ, ಅಷ್ಟಾಗಿ ತಪ್ಪಾಗದು, ‘ಕೂಡ್ಲಿಗಿ’ಗೆ 8 ಸಂಕೇತ, 3 ಅಕ್ಷರ. ಎಲ್ಲ ಅಕ್ಷರವೂ ಒಂದೇ ಅಗಲ ಎಂಬ ರಂಧ್ರಪತ್ರದ ಕಾಲದ ನಂಬಿಕೆ ಇಲ್ಲಿ ಮುರಿದುಬೀಳುತ್ತದೆ. ಪೈಥಾನಿನ ಶೈಲಿ ನಿಯಮಾವಳಿ ಒಪ್ಪುವ ಇನ್ನೊಂದು ಕ್ರಮ ಕನ್ನಡಕ್ಕೆ ಹೊಂದುತ್ತದೆ: ಆವರಣ ತೆರೆದ ಕೂಡಲೇ ಸಾಲು ಮುರಿದು, ಮುಂದಿನ ಸಾಲನ್ನು ಒಂದು ಮೆಟ್ಟಿಲು ಒಳಗಿನಿಂದ ಆರಂಭಿಸುವುದು. ಹಾಗೆ ಮಾಡಿದರೆ ಹಿಂದಿನ ಪದದ ಅಗಲ ಯಾರಿಗೂ ಬೇಕಾಗುವುದಿಲ್ಲ.